ತಲೆಗೆಷ್ಟು ಲೀಟರ್: ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ವಿಮಾನ ಮತ್ತು ರಸ್ತೆಯ ಲೆಕ್ಕ



ನಾನು ಎತ್ತಿಕೊಂಡಿರುವ ಪ್ರಶ್ನೆ ಕೇಳುವುದಕ್ಕೆ ಸರಳ. ಒಬ್ಬ ಮನುಷ್ಯನನ್ನು ಒಂದೂರಿನಿಂದ ಇನ್ನೊಂದೂರಿಗೆ ಮುಟ್ಟಿಸಲು ವಿಮಾನ ಹೆಚ್ಚು ಇಂಧನ ಸುಡುತ್ತದೆಯೋ, ಕಾರು ಹೆಚ್ಚು ಸುಡುತ್ತದೆಯೋ? ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ತಾಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ಈ ಪ್ರಶ್ನೆ ನಮಗೆ ಹೊರಗಿನದಲ್ಲ. ಇಲ್ಲಿಯ ಮಕ್ಕಳು ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿ ನೌಕರಿ ಮಾಡುತ್ತಾರೆ. ಅಕ್ಕಿ ಗಿರಣಿಯವರು ವ್ಯಾಪಾರಕ್ಕಾಗಿ ದೂರದ ಊರುಗಳಿಗೆ ಹೋಗಿಬರುತ್ತಾರೆ. ಹಟ್ಟಿ ಚಿನ್ನದ ಗಣಿಗೆ ದೇಶದ ಬೇರೆ ಬೇರೆ ಕಡೆಯ ತಜ್ಞರು ಬಂದುಹೋಗುತ್ತಾರೆ. ತೊರಣಗಲ್ಲಿನ ವಿದ್ಯಾನಗರ ನಿಲ್ದಾಣ, ಕಲಬುರಗಿ ನಿಲ್ದಾಣ, ಹೈದರಾಬಾದಿನ ಶಂಶಾಬಾದ್ ನಿಲ್ದಾಣ ಇವೆಲ್ಲ ನಮ್ಮ ಮಾತಿನಲ್ಲಿ ಸೇರಿಹೋಗಿವೆ. ರಾಯಚೂರಿನ ಯರಮರಸ್ ಬಳಿ ವಿಮಾನ ನಿಲ್ದಾಣ ಆಗಬೇಕೆಂಬ ಬೇಡಿಕೆಯ ಮೇಲೆ ಸರ್ಕಾರವೂ ಹೆಜ್ಜೆ ಇಟ್ಟಿದೆ. ಸಾರ್ವಜನಿಕ ಹಣ ಎಲ್ಲಿ ಹೋಗಬೇಕು, ನಮ್ಮ ಸ್ವಂತ ಹಣ ಎಲ್ಲಿ ಹೋಗುತ್ತಿದೆ ಎಂದು ತಿಳಿಯಬೇಕಾದರೆ ಈ ಲೆಕ್ಕವನ್ನು ಒಮ್ಮೆ ಕೂತು ಹಾಕಲೇಬೇಕು.

ಕಾರಿಗಿಂತ ವಿಮಾನವೇ ಮಿತವ್ಯಯಿ ಎಂಬ ಮಾತನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅದಕ್ಕೆ ಆಧಾರವಿದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕ ಮೈಕೆಲ್ ಸಿವಾಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಆ ದೇಶದ 2010ರ ಅಂಕಿ ಅಂಶಗಳನ್ನು ಹಿಡಿದು, ಒಬ್ಬ ವ್ಯಕ್ತಿ ಒಂದು ಮೈಲಿ ಸಾಗಲು ಕಾರಿನಲ್ಲಿ ವಿಮಾನದ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ ಎಂದು ತೋರಿಸಿತು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದರ ಒಳಗೆ ಎರಡು ಸಂಖ್ಯೆಗಳಿವೆ, ಅವನ್ನು ನೋಡದೆ ಆ ತೀರ್ಮಾನವನ್ನು ಸಿಂಧನೂರಿಗೆ ತರುವ ಹಾಗಿಲ್ಲ. ಅಲ್ಲಿಯ ಕಾರುಗಳ ಸರಾಸರಿ ಗ್ಯಾಲನ್ನಿಗೆ 21.5 ಮೈಲಿ, ಅಂದರೆ ಲೀಟರಿಗೆ ಸುಮಾರು 9 ಕಿ.ಮೀ. ಮಾತ್ರ. ಒಂದು ಕಾರಿನಲ್ಲಿ ಸರಾಸರಿ ಕೂತವರು 1.38 ಮಂದಿ. ಕಾರುಗಳು ಲೀಟರಿಗೆ ಹದಿನಾಲ್ಕು ಕಿ.ಮೀ. ದಾಟಿದರೆ, ಇಲ್ಲವೇ ಕೂತವರ ಸಂಖ್ಯೆ 2.3ಕ್ಕೆ ಏರಿದರೆ, ಕಾರು ವಿಮಾನಕ್ಕೆ ಸರಿಸಮ ಆಗುತ್ತದೆ ಎಂದು ಅದೇ ಅಧ್ಯಯನ ಹೇಳಿತು. ನಮ್ಮ ಕಾರುಗಳು ಲೀಟರಿಗೆ ಹದಿನೈದು, ಹದಿನೆಂಟು ಕೊಡುತ್ತವೆ. ದೂರದ ಊರಿಗೆ ಹೊರಟ ಕಾರಿನಲ್ಲಿ ಒಬ್ಬರೇ ಕೂರುವುದು ನಮ್ಮಲ್ಲಿ ವಿರಳ. ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ನಾಲ್ಕು ಜನ ಹತ್ತೇ ಹತ್ತುತ್ತಾರೆ. ಅಮೆರಿಕದವರ ಉತ್ತರ ಅವರದ್ದು. ನಮ್ಮ ಉತ್ತರವನ್ನು ನಾವೇ ಹುಡುಕಬೇಕು.

ಹುಡುಕಲು ಒಂದು ಅಳತೆ ಬೇಕು. ನಮ್ಮಲ್ಲಿ ಯಾರಾದರೂ ಹೊಸ ಗಾಡಿ ತಂದರೆ ಮೊದಲ ಪ್ರಶ್ನೆ, 'ಲೀಟರಿಗೆ ಎಷ್ಟು ಬರ್ತದ್ರೀ?' ಅದು ಗಾಡಿಯ ಲೆಕ್ಕ. ನಮಗೆ ಬೇಕಾದದ್ದು ಮನುಷ್ಯರ ಲೆಕ್ಕ: ಒಬ್ಬರನ್ನು ನೂರು ಕಿ.ಮೀ. ಸಾಗಿಸಲು ಎಷ್ಟು ಲೀಟರ್? ಪೆಟ್ರೋಲ್, ಡೀಸೆಲ್, ವಿಮಾನದ ಇಂಧನ ಮೂರರಲ್ಲೂ ಲೀಟರಿಗೆ ಅಡಗಿರುವ ಶಕ್ತಿ ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು. ಡೀಸೆಲ್ ತುಸು ಮೇಲೆ, ಪೆಟ್ರೋಲ್ ತುಸು ಕೆಳಗೆ, ವಿಮಾನದ್ದು ನಡುವೆ. ಒಂದು ಲೀಟರ್ ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಪೆಟ್ರೋಲಿನಲ್ಲಿ 2.3 ಕೆ.ಜಿ., ವಿಮಾನದ ಇಂಧನದಲ್ಲಿ ಸುಮಾರು 2.5, ಡೀಸೆಲ್‌ನಲ್ಲಿ ಸುಮಾರು 2.7. ಆದ್ದರಿಂದ ಲೀಟರುಗಳನ್ನು ನೇರವಾಗಿ ಹೋಲಿಸಿದರೆ ದೊಡ್ಡ ದೋಷವಾಗದು.

ಲೀಟರಿಗೆ 16 ಕಿ.ಮೀ. ಕೊಡುವ ಕಾರಿನಲ್ಲಿ ಒಬ್ಬರೇ ಹೋದರೆ ನೂರು ಕಿ.ಮೀ.ಗೆ ಆರೂಕಾಲು ಲೀಟರ್. ಇಬ್ಬರಾದರೆ ತಲೆಗೆ ಮೂರರ ಮೇಲೆ ಸ್ವಲ್ಪ, ನಾಲ್ವರಾದರೆ ಒಂದೂವರೆಯ ಆಸುಪಾಸು. ಲೀಟರಿಗೆ 60 ಕೊಡುವ ಬೈಕಿನಲ್ಲಿ ಇಬ್ಬರು ಕೂತರೆ ತಲೆಗೆ ಒಂದು ಲೀಟರೂ ಬೇಡ. ಸಾರಿಗೆ ನಿಗಮದ ಸಾಮಾನ್ಯ ಬಸ್ಸು ಲೀಟರಿಗೆ ಸುಮಾರು 5 ಕಿ.ಮೀ. ಓಡುತ್ತದೆ. ನಲವತ್ತು ಜನರಿದ್ದರೆ ತಲೆಗೆ ಅರ್ಧ ಲೀಟರ್. ಇನ್ನು ವಿಮಾನ. ಬೆಂಗಳೂರಿನಿಂದ ದೆಹಲಿಗೆ ಹಾರುವ 186 ಸೀಟಿನ ಹೊಸ ಮಾದರಿಯ ಏರ್‌ಬಸ್ ಎ320 ನಿಯೊ ವಿಮಾನಕ್ಕೆ ಸೀಟಿಗೆ ನೂರು ಕಿ.ಮೀ.ಗೆ ಎರಡೂಕಾಲರಿಂದ ಎರಡೂವರೆ ಲೀಟರ್ ಬೇಕಾಗುತ್ತದೆ. ನೂರಕ್ಕೆ ಎಂಬತ್ತೈದು ಸೀಟು ತುಂಬಿದ್ದರೆ ಪ್ರಯಾಣಿಕರೊಬ್ಬರಿಗೆ ಸುಮಾರು 2.8 ಲೀಟರ್.

ಗಂಟೆಗೆ ಎಂಟುನೂರು ಕಿ.ಮೀ. ಮೀರಿದ ವೇಗದಲ್ಲಿ, ನೆಲ ಬಿಟ್ಟು ಹನ್ನೊಂದು ಕಿ.ಮೀ. ಎತ್ತರದಲ್ಲಿ ಸಾಗುವ ಯಂತ್ರವೊಂದು ಇಬ್ಬರು ಕೂತ ಕಾರಿನಷ್ಟೇ ಇಂಧನದಲ್ಲಿ ಒಬ್ಬರನ್ನು ಸಾಗಿಸುತ್ತದೆ ಎಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಇದರ ಕಾರಣವನ್ನು ಕೊಂಚ ನಿಧಾನವಾಗಿ ನೋಡೋಣ. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಯಾವ ವಾಹನವೇ ಆಗಲಿ, ಸಮವೇಗದಲ್ಲಿ ಸಾಗುವಾಗ ಇಂಧನ ಖರ್ಚಾಗುವುದು ಎದುರಿನ ತಡೆಯನ್ನು ಮೀರುವುದಕ್ಕೆ. ಕಾರಿಗೆ ಎರಡು ತಡೆಗಳಿವೆ. ಟೈರು ಉರುಳುವಾಗ ಒತ್ತಿ ಚಪ್ಪಟೆಯಾಗಿ ಮತ್ತೆ ಉಬ್ಬುವುದರಲ್ಲಿ ಕಳೆಯುವ ಶಕ್ತಿ ಒಂದು. ಇದು ಗಾಡಿಯ ಭಾರದ ನೂರನೇ ಒಂದು ಪಾಲಿನಷ್ಟು. ಎದುರುಗಾಳಿ ಇನ್ನೊಂದು. ಸುಮಾರು 1,300 ಕೆ.ಜಿ. ತೂಗುವ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವಾಗ ಟೈರಿನ ತಡೆ 13 ಕೆ.ಜಿ. ಭಾರದಷ್ಟು, ಗಾಳಿಯ ತಡೆ 20 ಕೆ.ಜಿ. ಭಾರದಷ್ಟು ಎಂದಿಟ್ಟುಕೊಳ್ಳಿ. ಎರಡೂ ಸೇರಿ 33 ಕೆ.ಜಿ. ಎಳೆತ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬೆಂಗಳೂರಿನ ದಾರಿಯಲ್ಲಿ ಹಿರಿಯೂರು ದಾಟಿ ಅಗಲ ಹೆದ್ದಾರಿ ಸಿಕ್ಕ ಕೂಡಲೇ ಕಾಲು ಒತ್ತಿ 120ಕ್ಕೆ ಹೋದರೆ ಗಾಳಿಯ ತಡೆಯೊಂದೇ 45 ಕೆ.ಜಿ.ಗೆ ಏರುತ್ತದೆ. ಒಟ್ಟು ಎಳೆತ ಒಂದೂಮುಕ್ಕಾಲು ಪಟ್ಟು. ಅದೇ ಕಾರು, ಅದೇ ದಾರಿ, ಅದೇ ಜನ. ತುಮಕೂರು ಇಪ್ಪತ್ತು ನಿಮಿಷದಷ್ಟು ಬೇಗ ಸಿಗುತ್ತದೆ, ಟ್ಯಾಂಕಿನ ಮುಳ್ಳು ಅದಕ್ಕಿಂತ ಬೇಗ ಇಳಿದಿರುತ್ತದೆ.

ವಿಮಾನಕ್ಕೆ ಟೈರಿನ ತಡೆಯಿಲ್ಲ. ಆದರೆ ತನ್ನ ಭಾರವನ್ನು ತಾನೇ ಗಾಳಿಯಲ್ಲಿ ಹೊತ್ತು ನಿಲ್ಲಬೇಕು. ಒಳ್ಳೆಯ ರೆಕ್ಕೆ ಮಾಡುವ ಕೆಲಸ ಇಲ್ಲಿದೆ: ಈ ಕಾಲದ ಪ್ರಯಾಣಿಕ ವಿಮಾನದ ರೆಕ್ಕೆ ಹದಿನೇಳು ಟನ್ ಭಾರ ಎತ್ತಲು ಒಂದು ಟನ್ ತಡೆಯನ್ನಷ್ಟೇ ಬೆಲೆಯಾಗಿ ಕೇಳುತ್ತದೆ. ಎಪ್ಪತ್ತು ಟನ್ ವಿಮಾನವನ್ನು ಮುಂದೆ ತಳ್ಳಲು ನಾಲ್ಕು ಟನ್ನಿನಷ್ಟು ಒತ್ತು ಸಾಕು. ಅದನ್ನು 186 ಸೀಟುಗಳಿಗೆ ಹಂಚಿದರೆ ಸೀಟಿಗೆ 22 ಕೆ.ಜಿ. ಎಳೆತ. ಕಾರಿನಲ್ಲಿ ಒಬ್ಬರೇ ಇದ್ದರೆ ತಲೆಗೆ 33, ನಾಲ್ವರಿದ್ದರೆ ಎಂಟೂಕಾಲು. ಬಸ್ಸಿನಲ್ಲಿ ಇದೇ ಲೆಕ್ಕ ಹಾಕಿದರೆ ತಲೆಗೆ ಆರೇಳು ಕೆ.ಜಿ. ಬರುತ್ತದೆ. ಇಡೀ ವಾದದ ಬುಡ ಈ ನಾಲ್ಕು ಸಂಖ್ಯೆಗಳಲ್ಲಿದೆ.

ಅಷ್ಟು ವೇಗದಲ್ಲೂ ವಿಮಾನದ ಎಳೆತ ಇಷ್ಟು ಕಡಿಮೆ ಇರುವುದು ಹೇಗೆ? ಹನ್ನೊಂದು ಕಿ.ಮೀ. ಮೇಲೆ ಗಾಳಿಯ ಸಾಂದ್ರತೆ ನೆಲಮಟ್ಟದ ಮೂರನೇ ಒಂದು ಪಾಲಿಗಿಂತ ಕಡಿಮೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಸಾಕಷ್ಟು ಆಸರೆ ಸಿಗಬೇಕಾದರೆ ವೇಗವಾಗಿಯೇ ಹೋಗಬೇಕು. ಹಾಗೆ ವೇಗವಾಗಿ ಹೋದರೂ ತಡೆ ಹೆಚ್ಚುವುದಿಲ್ಲ. ಕಾರಿಗೆ ವೇಗ ದುಬಾರಿ, ವಿಮಾನಕ್ಕೆ ಎತ್ತರವೇ ವೇಗವನ್ನು ಅಗ್ಗ ಮಾಡಿಕೊಡುತ್ತದೆ. ಇದರ ಜೊತೆಗೆ ಎಂಜಿನ್ನಿನ ಗುಣವೂ ಸೇರುತ್ತದೆ. ಹೆದ್ದಾರಿಯಲ್ಲಿ ಓಡುವ ಪೆಟ್ರೋಲ್ ಕಾರು ಇಂಧನದ ಶಕ್ತಿಯಲ್ಲಿ ಕಾಲು ಭಾಗವನ್ನು ಚಲನೆಗೆ ತಿರುಗಿಸಿದರೆ, ದೊಡ್ಡ ಫ್ಯಾನಿನ ಈಗಿನ ಜೆಟ್ ಎಂಜಿನ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸುತ್ತದೆ. ಮೊದಲ ತಲೆಮಾರಿನ ಜೆಟ್‌ಗಳಿಗೆ ಹೋಲಿಸಿದರೆ ಕಳೆದ ಶತಮಾನದ ಕೊನೆಯ ಹೊತ್ತಿಗೆ ಸೀಟಿಗೆ ತಗಲುವ ಇಂಧನ ನೂರಕ್ಕೆ ಎಪ್ಪತ್ತರಷ್ಟು ಇಳಿದಿತ್ತು ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 1999ರ ವರದಿಯಲ್ಲಿ ಹೇಳಿತು. ಆಮೇಲೆ ಬಂದ ಎಂಜಿನ್‌ಗಳು ಇನ್ನೂ ಸುಧಾರಿಸಿವೆ. ಈ ಸಾಧನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಆ ಎತ್ತರಕ್ಕೆ ಏರುವುದಕ್ಕೆ ಬೆಲೆಯಿದೆ. ಎಪ್ಪತ್ತು ಟನ್ ಭಾರವನ್ನು ಹನ್ನೊಂದು ಕಿ.ಮೀ. ಎತ್ತುವ ಕೆಲಸದಲ್ಲಿ ಎಂಜಿನ್ನುಗಳು ಗರಿಷ್ಠ ಬಲದ ಸಮೀಪ ದುಡಿಯುತ್ತವೆ. ದೂರದ ಹಾರಾಟದಲ್ಲಿ ಆ ಖರ್ಚು ಸಾವಿರಾರು ಕಿ.ಮೀ. ಮೇಲೆ ಹಂಚಿಹೋಗುತ್ತದೆ, ಇಳಿಯುವಾಗ ಒಂದಷ್ಟು ವಾಪಸೂ ಬರುತ್ತದೆ. ಇನ್ನೂರು ಮುನ್ನೂರು ಕಿ.ಮೀ. ಹಾರಾಟದಲ್ಲಿ ಏರಿದ್ದೂ ಇಳಿದದ್ದೂ ಬಿಟ್ಟರೆ ಸಮತಟ್ಟಾಗಿ ಹಾರಿದ್ದು ಏನೂ ಉಳಿಯುವುದಿಲ್ಲ. ಬಹಳ ದೂರದ ಹಾರಾಟಕ್ಕೆ ಬೇರೊಂದು ತೊಂದರೆ: ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಮೊದಲ ಗಂಟೆಯಿಂದ ಹೊತ್ತು ತಿರುಗಬೇಕು. ಫ್ರಾನ್ಸಿನ ವಿಮಾನ ತಂತ್ರಜ್ಞ ಲೂಯಿ ಬ್ರೆಗೆ ಹೆಸರಿನಲ್ಲಿ ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವ ಸೂತ್ರ ಇದನ್ನೇ ಹೇಳುತ್ತದೆ. ರೆಕ್ಕೆಯ ಗುಣ, ಎಂಜಿನ್ನಿನ ಗುಣ, ಹೊತ್ತ ಇಂಧನದ ಪಾಲು ಈ ಮೂರರ ಮೇಲೆ ಹಾರಾಟದ ದೂರ ನಿಂತಿದೆ. ಹತ್ತಿರದ ಊರುಗಳಿಗೆ ಜೆಟ್‌ಗಿಂತ ಪ್ರೊಪೆಲ್ಲರ್ ವಿಮಾನ ಉತ್ತಮ ಎನ್ನುವುದೂ ಇಲ್ಲಿಂದಲೇ ಹೊರಡುತ್ತದೆ. ಎಪ್ಪತ್ತರ ಆಸುಪಾಸು ಸೀಟಿನ ಎಟಿಆರ್ 72 ವಿಮಾನ ಅಷ್ಟು ಎತ್ತರಕ್ಕೆ ಏರುವುದಿಲ್ಲ, ಅಷ್ಟು ವೇಗವಾಗಿ ಹೋಗುವುದಿಲ್ಲ. ಮುನ್ನೂರು ಕಿ.ಮೀ. ಒಳಗಿನ ಹಾರಾಟಕ್ಕೆ ಸೀಟಿಗೆ ನೂರು ಕಿ.ಮೀ.ಗೆ ಮೂರರಿಂದ ಮೂರೂವರೆ ಲೀಟರಿನಲ್ಲಿ ಮುಗಿಸುತ್ತದೆ. ಅದೇ ದೂರಕ್ಕೆ ಐವತ್ತು ಸೀಟಿನ ಚಿಕ್ಕ ಜೆಟ್ ಇದಕ್ಕಿಂತ ಬಹಳ ಹೆಚ್ಚು ಕುಡಿಯುತ್ತದೆ.

ಮಹನೀಯರೇ, ತತ್ತ್ವ ಇಷ್ಟು. ಈಗ ನಮ್ಮ ರಸ್ತೆಗೆ ಬರೋಣ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಪೋಣಿಸಿರುವುದು ರಾಷ್ಟ್ರೀಯ ಹೆದ್ದಾರಿ 150ಎ. ಜೇವರ್ಗಿಯಿಂದ ಹೊರಟು ಶಹಾಪುರ, ಸುರಪುರ ದಾಟಿ ಲಿಂಗಸುಗೂರಿಗೆ ಬಂದು, ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು ಹಾದು ಚಾಮರಾಜನಗರದ ತನಕ ಹೋಗುತ್ತದೆ. ಬೆಂಗಳೂರಿಗೆ ಹೋಗುವವರು ಹಿರಿಯೂರಿನಲ್ಲಿ ಹೆದ್ದಾರಿ 48 ಹಿಡಿಯುತ್ತಾರೆ. ಸಿಂಧನೂರಿನಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 400 ಕಿ.ಮೀ. ಮಸ್ಕಿ, ಲಿಂಗಸುಗೂರಿನವರು ಅದಕ್ಕೆ ಅರವತ್ತರ ಒಳಗೆ ಕೂಡಿಸಿಕೊಳ್ಳಬಹುದು.

ಒಬ್ಬರು ಸಿಂಧನೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗಬೇಕೆಂದು ತೊರಣಗಲ್ಲಿನ ದಾರಿ ಹಿಡಿದರು ಎನ್ನಿ. 2017ರಲ್ಲಿ ಕೇಂದ್ರದ ಉಡಾನ್ ಯೋಜನೆಯ ಹಾರಾಟಗಳು ಆರಂಭವಾದ ಮೇಲೆ ಎಟಿಆರ್ ವಿಮಾನಗಳು ಹಾರಿದ ನಿಲ್ದಾಣ ಅದು. ಸಿಂಧನೂರಿನಿಂದ ಬಳ್ಳಾರಿ ಮೇಲೆ ಅಲ್ಲಿಗೆ ನೂರಹದಿನೈದು ಕಿ.ಮೀ. ಆಸುಪಾಸು. ಬಾಡಿಗೆ ಕಾರು ಅವರನ್ನು ಇಳಿಸಿ ಖಾಲಿ ವಾಪಸ್ ಬರುತ್ತದೆ. ಹೋಗಿಬಂದದ್ದಕ್ಕೆ ಹದಿನೈದು ಲೀಟರ್. ತೊರಣಗಲ್ಲಿನಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ಆಕಾಶಮಾರ್ಗ ಸುಮಾರು 250 ಕಿ.ಮೀ. ಮುಕ್ಕಾಲು ಭಾಗ ತುಂಬಿದ ವಿಮಾನದಲ್ಲಿ ಅವರ ಪಾಲಿಗೆ ಹತ್ತು ಹನ್ನೊಂದು ಲೀಟರ್. ದೇವನಹಳ್ಳಿಯಿಂದ ನಗರದೊಳಕ್ಕೆ ಮತ್ತೆ ಟ್ಯಾಕ್ಸಿ, ಎರಡೂವರೆ ಲೀಟರ್. ಒಟ್ಟು ಇಪ್ಪತ್ತೆಂಟು. ಅವರು ಅದೇ ಕಾರನ್ನು ಒಬ್ಬರೇ ಓಡಿಸಿಕೊಂಡು ಬೆಂಗಳೂರಿಗೆ ಹೋಗಿದ್ದರೆ ಇಪ್ಪತ್ತೈದು ಲೀಟರಿನಲ್ಲಿ ಮುಗಿಯುತ್ತಿತ್ತು. ನಾಲ್ವರಾಗಿ ಹೋಗಿದ್ದರೆ ತಲೆಗೆ ಆರು. ರಾತ್ರಿಯ ಎಸಿ ಸ್ಲೀಪರ್ ಬಸ್ಸಿನಲ್ಲಿ ಮಲಗಿ ಹೋಗಿದ್ದರೆ ನಾಲ್ಕು. ಸಾಮಾನ್ಯ ಬಸ್ಸಿನಲ್ಲಾದರೆ ಎರಡೇ ಎರಡು.

ಸಮಯ ಉಳಿಯುತ್ತದಲ್ಲ ಎನ್ನಬಹುದು. ನಿಲ್ದಾಣಕ್ಕೆ ಎರಡು ಗಂಟೆಗೂ ಮೇಲೆ, ತಪಾಸಣೆಗೆ ಒಂದು ಗಂಟೆ ಮೊದಲೇ ಹಾಜರಿ, ಒಂದು ಗಂಟೆ ಹಾರಾಟ, ಆಮೇಲೆ ಹೆಬ್ಬಾಳದ ದಟ್ಟಣೆ. ಆರು ಗಂಟೆ ಹಗಲು ಹೋಗಿರುತ್ತದೆ. ಬಸ್ಸು ತೆಗೆದುಕೊಳ್ಳುವ ಎಂಟೊಂಬತ್ತು ಗಂಟೆ ನಿದ್ದೆಯಲ್ಲಿ ಕಳೆಯುತ್ತವೆ. ನಾನೂರು ಕಿ.ಮೀ. ದೂರಕ್ಕೆ ವಿಮಾನ ನಮ್ಮ ಮೂರು ಊರುಗಳಿಗೆ ಇಂಧನದಲ್ಲೂ ಸಮಯದಲ್ಲೂ ಲಾಭ ತರುವುದಿಲ್ಲ ಎಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ದೆಹಲಿಯ ಮಾತು ಬೇರೆ. ಬೆಂಗಳೂರಿನಿಂದ ದೆಹಲಿಗೆ ಆಕಾಶದಲ್ಲಿ 1,700 ಕಿ.ಮೀ., ರಸ್ತೆಯಲ್ಲಿ 2,100 ದಾಟುತ್ತದೆ. ರಸ್ತೆ ಬಳಸಿ ಹೋಗುತ್ತದೆ, ವಿಮಾನ ಬಹುಪಾಲು ನೆಟ್ಟಗೆ ಹೋಗುತ್ತದೆ, ಈ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿಮಾನದಲ್ಲಿ ತಲೆಗೆ 48 ಲೀಟರ್. ಕಾರಿನಲ್ಲಿ ಒಬ್ಬರೇ ಹೋದರೆ 130 ಮೀರುತ್ತದೆ, ಮೂವರಾದರೆ ಸರಿಸಮ, ನಾಲ್ವರಾದರೆ ಕಾರೇ ಕಡಿಮೆ. ಆದರೆ ಮೂರು ಹಗಲು ಸ್ಟೀರಿಂಗ್ ಹಿಡಿದು ಯಾರು ಹೋಗುತ್ತಾರೆ? ಆ ದೂರಕ್ಕೆ ವಿಮಾನದ ಎದುರಾಳಿ ಕಾರಲ್ಲ, ರೈಲು.

ನಮ್ಮ ಭಾಗದ ನಿಜವಾದ ಗಂಟು ಇರುವುದು ದೆಹಲಿಗೆ ಹೋಗುವವರು ಶಂಶಾಬಾದಿಗೆ ಹೋಗುವ ರೀತಿಯಲ್ಲಿ. ಸಿಂಧನೂರಿನಿಂದ ರಾಯಚೂರು, ಮಹಬೂಬ್‌ನಗರದ ಮೇಲೆ ಶಂಶಾಬಾದ್ ನಿಲ್ದಾಣ ಸುಮಾರು 270 ಕಿ.ಮೀ. ಒಬ್ಬರಿಗಾಗಿ ಕಾರು ಮಾಡಿಕೊಂಡು ಹೋದರೆ, ಅದು ಖಾಲಿ ತಿರುಗಿ ಬರುವುದನ್ನೂ ಸೇರಿಸಿ 540 ಕಿ.ಮೀ. ಓಟ, 34 ಲೀಟರ್ ಡೀಸೆಲ್. ಹೈದರಾಬಾದಿನಿಂದ ದೆಹಲಿಗೆ 1,250 ಕಿ.ಮೀ. ಹಾರಾಟಕ್ಕೆ ಅವರ ಪಾಲು 35 ಲೀಟರ್. ರಾಯಚೂರು ಜಿಲ್ಲೆ ದಾಟಿ ಪಕ್ಕದ ರಾಜ್ಯದ ರಾಜಧಾನಿ ಮುಟ್ಟುವುದಕ್ಕೆ ಸುಟ್ಟದ್ದೂ, ಅಲ್ಲಿಂದ ಹಲವು ರಾಜ್ಯ ದಾಟಿ ದೇಶದ ರಾಜಧಾನಿ ಮುಟ್ಟುವುದಕ್ಕೆ ಸುಟ್ಟದ್ದೂ ಸಮ! ಅದೇ ವ್ಯಕ್ತಿ ಹೈದರಾಬಾದಿನ ತನಕ ಬಸ್ಸಿನಲ್ಲಿ ಹೋಗಿದ್ದರೆ ಆ 34 ಲೀಟರ್ ಒಂದೂವರೆಗೆ ಇಳಿಯುತ್ತಿತ್ತು. ವಿಮಾನದ ಒಂದು ಮೊಳೆಯನ್ನೂ ಬದಲಾಯಿಸದೆ ಇಡೀ ಪ್ರಯಾಣದ ಇಂಧನ ಅರ್ಧವಾಗುತ್ತಿತ್ತು.

ವಿಮಾನ ಹೆಚ್ಚೋ ಕಾರು ಹೆಚ್ಚೋ ಎಂದು ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ ಅಳೆಯುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ನಗರದಲ್ಲಿ ಇರುವವರಿಗೆ ನಿಲ್ದಾಣ ಮೂವತ್ತು ನಲವತ್ತು ಕಿ.ಮೀ. ದೂರದಲ್ಲಿದೆ, ಅವರು ಅದನ್ನು ಬಿಟ್ಟು ಲೆಕ್ಕ ಹಾಕಿದರೂ ನಡೆಯುತ್ತದೆ. ನಮಗೆ ಮನೆಯ ಬಾಗಿಲಿನಿಂದಲೇ ಅಳೆಯಬೇಕು, ತಿರುಗಿ ಬರುವ ಖಾಲಿ ಗಾಡಿಯನ್ನೂ ಸೇರಿಸಿಯೇ ಅಳೆಯಬೇಕು. ಈ ಮಾತು ನಮ್ಮ ಲಾರಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಸಿಂಧನೂರಿನ ಗಿರಣಿಗಳಿಂದ ಅಕ್ಕಿ ಹೇರಿಕೊಂಡು ಹೋದ ಲಾರಿ ಅಲ್ಲಿ ಒಂದೆರಡು ದಿನ ಕಾದಾದರೂ ರಿಟರ್ನ್ ಲೋಡ್ ಹಿಡಿದು ಬರುತ್ತದೆ. ಖಾಲಿ ಬರುವುದೆಂದರೆ ಎರಡೂ ಕಡೆಯ ಡೀಸೆಲನ್ನು ಒಂದೇ ಲೋಡಿನ ಮೇಲೆ ಹಾಕುವುದು ಎಂದು ಅವರಿಗೆ ಗೊತ್ತು. ಜನರನ್ನು ಸಾಗಿಸುವ ಬಾಡಿಗೆ ಕಾರುಗಳಿಗೆ ಇಂಥ ಏರ್ಪಾಡು ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಬೆಳೆದಿಲ್ಲ. ಅದೇ ಹೊತ್ತಿಗೆ ಶಂಶಾಬಾದಿನಲ್ಲಿ ಇಳಿದ ಲಿಂಗಸುಗೂರಿನವರೊಬ್ಬರು ಊರಿಗೆ ಬೇರೊಂದು ಕಾರು ಹುಡುಕುತ್ತಿರುತ್ತಾರೆ.

ಹಾಗೆಂದು ತುಂಬಿದ ಗಾಡಿಯೆಲ್ಲ ಒಳ್ಳೆಯದು ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ತಲೆಗೆ ಅತಿ ಕಡಿಮೆ ಇಂಧನದಲ್ಲಿ ಬೆಂಗಳೂರಿಗೆ ಹೋಗುವವರು ಈ ಜಿಲ್ಲೆಯಲ್ಲಿ ಯಾರು? ಗುಳೆ ಹೋಗುವ ಕೂಲಿಕಾರರು. ಹತ್ತು ಹನ್ನೆರಡು ಮಂದಿಯ ಕ್ರೂಸರಿನಲ್ಲಿ ಇಪ್ಪತ್ತು ಮಂದಿ, ಕಂಕುಳಲ್ಲಿ ಕೂಸು, ಮೇಲೆ ಗಂಟುಮೂಟೆ. 2022ರ ಆಗಸ್ಟ್‌ನಲ್ಲಿ ಶಿರಾ ತಾಲೂಕಿನಲ್ಲಿ, ನಾನು ಈಗ ಹೇಳಿದ ಅದೇ ಹೆದ್ದಾರಿ 48ರ ಮೇಲೆ, ರಾಯಚೂರು ಜಿಲ್ಲೆಯ ಕೂಲಿಕಾರರನ್ನು ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಇಂಥ ಒಂದು ಗಾಡಿ ಲಾರಿಗೆ ಡಿಕ್ಕಿಯಾಗಿ ಒಂಬತ್ತು ಮಂದಿ ಸತ್ತರು. ಅವರ ಲೀಟರ್ ಲೆಕ್ಕ ಅತ್ಯುತ್ತಮವಾಗಿತ್ತು. ಸೀಟಿಗಿಂತ ಹೆಚ್ಚು ಜನರನ್ನು ತುಂಬಿ ಗಳಿಸಿದ ಮಿತವ್ಯಯವನ್ನು ನಾನು ಈ ಹೋಲಿಕೆಯಲ್ಲಿ ಸೇರಿಸುವುದಿಲ್ಲ. ಅದು ಬಡವರ ಜೀವದ ಮೇಲೆ ಮಾಡಿದ ಉಳಿತಾಯ. ಗುಳೆಯ ಕಾಲದಲ್ಲಿ ಇಲ್ಲಿಂದ ಸಾಕಷ್ಟು ಬಸ್ಸುಗಳು ಹೊರಟರೆ ಅಷ್ಟೇ ಡೀಸೆಲಿನಲ್ಲಿ ಅದೇ ಜನ ಕೂತು, ನಿದ್ದೆ ಮಾಡಿ, ಜೀವಂತ ಮುಟ್ಟುತ್ತಾರೆ.

ಬಸ್ಸಿನ ಬಗ್ಗೆ ನಮ್ಮಲ್ಲಿ ಒಂದು ಉದಾಸೀನವಿದೆ. ಕಾರು ಕೊಂಡವರು ಬಸ್ ನಿಲ್ದಾಣದ ಕಡೆ ತಲೆ ಹಾಕುವುದಿಲ್ಲ. ಆದರೆ ನಾನು ಇಲ್ಲಿಯ ತನಕ ಹೇಳಿದ ಎಲ್ಲ ಸಂಖ್ಯೆಗಳಲ್ಲೂ ವಿಮಾನ ಮತ್ತು ಕಾರಿನ ಜಗಳದ ಆಚೆ ನಿಂತು ಗೆದ್ದದ್ದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಕೆಂಪು ಬಸ್ಸು. 2023ರ ಜೂನ್ 11ರಂದು ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಏರಿತು. ಅದರ ಹಣಕಾಸಿನ ಚರ್ಚೆ ಏನೇ ಇರಲಿ, ಅರ್ಧ ಖಾಲಿ ಓಡುತ್ತಿದ್ದ ಬಸ್ಸು ತುಂಬಿ ಓಡಿದರೆ ಹೆಚ್ಚು ಡೀಸೆಲ್ ಏನೂ ಹಿಡಿಯುವುದಿಲ್ಲ. ಬಸ್ಸಿನ ಭಾರ ಹದಿನಾರು ಟನ್ನಿನ ಹತ್ತಿರ, ಅದರಲ್ಲಿ ಇಪ್ಪತ್ತು ಜನ ಹೆಚ್ಚಾದರೆ ಒಂದೂಕಾಲು ಟನ್ ಕೂಡುತ್ತದೆ ಅಷ್ಟೆ. ತಲೆಗೆ ಇಂಧನ ಮಾತ್ರ ಸರ್ರನೆ ಇಳಿಯುತ್ತದೆ.

ವಿಮಾನಕ್ಕೂ ಈ ನಿಯಮ ಇದ್ದದ್ದೇ. ಉಡಾನ್ ಮಾರ್ಗಗಳಲ್ಲಿ ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಇದ್ದು, ಆ ನಷ್ಟವನ್ನು ಸರ್ಕಾರ ತುಂಬಿಕೊಡುವ ಏರ್ಪಾಡಿದೆ. ಹಾಗಾಗಿ ಟಿಕೆಟ್ಟಿನ ಬೆಲೆ ನೋಡಿ ಇಂಧನವನ್ನು ಊಹಿಸಲಾಗದು. ಅಗ್ಗದ ಟಿಕೆಟ್ಟಿನ ಅರ್ಧ ಖಾಲಿ ವಿಮಾನ ನೂರು ಕಿ.ಮೀ.ಗೆ ತಲೆಗೆ ಆರೇಳು ಲೀಟರ್ ಸುಡುತ್ತಿರಬಹುದು.

ಇನ್ನೊಂದು ವಿಷಯವನ್ನು ಲೀಟರ್ ಲೆಕ್ಕ ಮುಚ್ಚಿಡುತ್ತದೆ. ಎತ್ತರದಲ್ಲಿ ಜೆಟ್ ವಿಮಾನ ಬಿಡುವ ನೀರಾವಿ ತಣ್ಣಗಿನ ಗಾಳಿಯಲ್ಲಿ ಹಿಮಕಣವಾಗಿ ಬಿಳಿಯ ಗೆರೆಯಾಗುತ್ತದೆ. ಕೆಲವು ಸಲ ಆ ಗೆರೆ ಗಂಟೆಗಟ್ಟಲೆ ಹರಡಿ ತೆಳು ಮೋಡವಾಗಿ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಸಾರಜನಕದ ಆಕ್ಸೈಡುಗಳ ಪರಿಣಾಮವೂ ಸೇರುತ್ತದೆ. ವಿಮಾನಯಾನದಿಂದ ಆಗುವ ತಾಪದ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡಿನಿಂದಲ್ಲ, ಇಂಥ ಪರಿಣಾಮಗಳಿಂದ ಎಂದು ಈಚಿನ ಅಂದಾಜುಗಳು ಹೇಳುತ್ತವೆ, ಅಂದಾಜಿನ ಅಂತರ ದೊಡ್ಡದಿದ್ದರೂ. ಆದ್ದರಿಂದ ಜೆಟ್ ವಿಮಾನ ಮತ್ತು ಕಾರು ಲೀಟರಿನಲ್ಲಿ ಸರಿಸಮ ಬಂದಾಗ ಹವಾಮಾನದ ತಕ್ಕಡಿ ವಿಮಾನದ ಕಡೆಯೇ ಭಾರವಾಗುತ್ತದೆ. ಕೆಳಗೆ ಹಾರುವ ಎಟಿಆರ್ ವಿಮಾನಗಳಿಗೆ ಈ ದೋಷ ಬಹಳ ಕಡಿಮೆ, ಅದನ್ನು ನ್ಯಾಯವಾಗಿ ಹೇಳಬೇಕು.

ಹಾಗಾದರೆ ರಾಯಚೂರಿಗೆ ವಿಮಾನ ನಿಲ್ದಾಣ ಬೇಡವೇ? ಬೇಡ ಎನ್ನುವವರಲ್ಲಿ ನಾನಿಲ್ಲ. ತುರ್ತಿನ ಚಿಕಿತ್ಸೆ, ದೂರದ ಉದ್ಯೋಗ, ಹೊರಗಿನ ಬಂಡವಾಳ ಇವೆಲ್ಲ ಈ ಜಿಲ್ಲೆಗೂ ಸಲ್ಲಬೇಕಾದ ಹಕ್ಕುಗಳು. ಹೃದಯದ ತೊಂದರೆಯವರನ್ನು ಒಬ್ಬರೇ ಕೂರಿಸಿಕೊಂಡು ಓಡುವ ಕಾರಿಗೆ ಲೀಟರ್ ಲೆಕ್ಕ ಕೇಳುವುದು ಅಮಾನವೀಯ. ಆದರೆ ಸಿಂಧನೂರಿನಿಂದಲೂ ಲಿಂಗಸುಗೂರಿನಿಂದಲೂ ರಾಯಚೂರು ತೊಂಬತ್ತು ಕಿ.ಮೀ. ಆಸುಪಾಸು. ಅದೂ ಬೆಂಗಳೂರಿನ ದಾರಿ ಬಿಟ್ಟು ಬೇರೆ ದಿಕ್ಕಿನಲ್ಲಿ. ಬೆಂಗಳೂರಿಗೆ ಹೋಗಲು ಮೊದಲು ಈಶಾನ್ಯಕ್ಕೋ ಪೂರ್ವಕ್ಕೋ ತೊಂಬತ್ತು ಕಿ.ಮೀ. ಹೋಗಿ, ಅಲ್ಲಿಂದ ಹಾರಿ ಬರುವುದರಲ್ಲಿ ಈ ಮೂರು ಊರುಗಳಿಗೆ ಅರ್ಥವಿಲ್ಲ. ಆ ನಿಲ್ದಾಣ ನಮಗೆ ಉಪಯೋಗಕ್ಕೆ ಬರುವುದು ಮುಂಬೈ, ದೆಹಲಿಯಂಥ ದೂರಕ್ಕೆ ಸಂಪರ್ಕ ಕೊಟ್ಟರೆ, ಮತ್ತು ವಿಮಾನದ ಹೊತ್ತಿಗೆ ಸರಿಯಾಗಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಬಸ್ಸು ಹೊರಟರೆ. ಬಸ್ಸಿಲ್ಲದ ನಿಲ್ದಾಣ ಕಟ್ಟಿದರೆ ಖಾಲಿ ತಿರುಗುವ ಕಾರುಗಳ ಇನ್ನೊಂದು ದಾರಿಯನ್ನು ತೆರೆದಂತಾಗುತ್ತದೆ.

ಅದಕ್ಕಿಂತ ಮೊದಲು ರೈಲು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವ ತಡೆ ಟೈರಿನ ತಡೆಯ ಐದನೇ ಒಂದು ಪಾಲಿನಷ್ಟೂ ಇಲ್ಲ. ಉದ್ದನೆಯ ಗಾಡಿಯಲ್ಲಿ ಎದುರುಗಾಳಿಯನ್ನು ಸೀಳುವುದು ಮುಂದಿನ ಎಂಜಿನ್, ಹಿಂದಿನ ಬೋಗಿಗಳಿಗೆ ಬಹುಪಾಲು ದಾರಿ ಸುಗಮ. ಗಿಣಿಗೇರಾ-ಮಹಬೂಬ್‌ನಗರ ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ, ಗಂಗಾವತಿ, ಕಾರಟಗಿ ದಾಟಿ 2024ರಲ್ಲಿ ಸಿಂಧನೂರು ಮುಟ್ಟಿತು. ಒಂದು ತಲೆಮಾರು ಕಾದ ರೈಲು. ಹುಬ್ಬಳ್ಳಿಗೆ, ಯಶವಂತಪುರಕ್ಕೆ ಈಗ ಇಲ್ಲಿಂದಲೇ ಗಾಡಿ ಇದೆ. ಹೊಸಪೇಟೆ ಸುತ್ತಿ ಹೋಗುವುದರಿಂದ ದಾರಿ ಉದ್ದವಾದರೂ ತಲೆಗೆ ತಗಲುವ ಶಕ್ತಿ ಬಸ್ಸಿಗಿಂತ ಹೆಚ್ಚಾಗದು. ಈ ಹಳಿ ಸಿಂಧನೂರಿನಲ್ಲಿ ನಿಲ್ಲದೆ ರಾಯಚೂರಿಗೆ ಕೂಡಿದ ದಿನ ಮುಂಬೈ-ಚೆನ್ನೈ ಮುಖ್ಯ ಮಾರ್ಗ ನಮ್ಮ ಕೈಗೆ ಬರುತ್ತದೆ.

ಲಿಂಗಸುಗೂರಿನವರಿಗೆ ಗದಗ-ವಾಡಿ ಮಾರ್ಗವಿದೆ. ತಳಕಲ್‌ನಿಂದ ಹೊರಟ ಹಳಿ 2025ರಲ್ಲಿ ಕುಷ್ಟಗಿ ತನಕ ಬಂದಿದೆ. ಅಲ್ಲಿಂದ ಲಿಂಗಸುಗೂರು, ಸುರಪುರ, ಶಹಾಪುರ ಹಾದು ವಾಡಿ ಸೇರಬೇಕು. ವಾಡಿ ಜಂಕ್ಷನ್ನಿನಿಂದ ಮುಂಬೈಗೂ ಚೆನ್ನೈಗೂ ಸಿಕಂದರಾಬಾದಿಗೂ ದಾರಿ ಒಡೆಯುತ್ತದೆ. ಹೈದರಾಬಾದಿಗೆ ಕಾರು ಮಾಡುವ ಲಿಂಗಸುಗೂರಿನವರ ಲೆಕ್ಕ ಅಂದು ಪೂರ್ತಿ ಬದಲಾಗುತ್ತದೆ. ಕೆಲಸ ತಡವಾದ ಪ್ರತಿ ವರ್ಷವೂ ಎಷ್ಟೋ ಕಾರುಗಳು ಖಾಲಿ ತಿರುಗುತ್ತಲೇ ಇರುತ್ತವೆ. ವಿಮಾನ ನಿಲ್ದಾಣಕ್ಕಾಗಿ ಮನವಿ ಕೊಡುವ ನಮ್ಮ ಸಂಘ ಸಂಸ್ಥೆಗಳು ಅದೇ ಕಾಗದದಲ್ಲಿ ಮೂರು ಸಾಲು ಸೇರಿಸಲಿ ಎಂದು ಕೇಳಿಕೊಳ್ಳುತ್ತೇನೆ: ಸಿಂಧನೂರು-ರಾಯಚೂರು ಹಳಿಗೆ ಒಂದು ದಿನಾಂಕ, ಕುಷ್ಟಗಿ-ಲಿಂಗಸುಗೂರು ಹಳಿಗೆ ಒಂದು ದಿನಾಂಕ, ಮತ್ತು ಮೂರು ಊರುಗಳಿಂದ ನೇರ ಶಂಶಾಬಾದ್ ನಿಲ್ದಾಣಕ್ಕೆ ರಾತ್ರಿ ಒಂದು, ಹಗಲು ಒಂದು ಸರ್ಕಾರಿ ಬಸ್ಸು. ಮೂರನೆಯದಕ್ಕೆ ಹಳಿ ಬೇಡ, ರನ್‌ವೇ ಬೇಡ. ರಸ್ತೆ ಇದೆ, ಬಸ್ಸು ಇದೆ, ಹೋಗುವವರೂ ಇದ್ದಾರೆ. ವೇಳಾಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಗಬೇಕು.